ಹಿಮ ಮೊದಲು ಕರಗಿದ ಜಾಗ

ಲಂಡನ್
೧೨ ಜನವರಿ ೧೯೫೮

ಪ್ರೀತಿಯ ಅಪ್ಪಾ,

ಕನ್ನಡಕ ಹಾಕಿಕೊಂಡು, ಕುರ್ಚಿಯಲ್ಲಿ ಕುಳಿತು, ಆಮೇಲೆ ಒಳಗಿರುವ ಕಾರ್ಡನ್ನು ನೋಡು. ಮಾರ್ಚ್ ಆರರಂದು, ಗುರುವಾರ, ನನ್ನ ಚಿತ್ರಗಳ ಪ್ರದರ್ಶನ ಶುರುವಾಗುತ್ತದೆ. ಹತ್ತು ಜನರ ಚಿತ್ರಗಳ ಜೊತೆ ಬಾಗಿಲ ಹಿಂದೆ ಸಿಕ್ಕಿಸಿದ ಒಂದೇ ಒಂದು ಚಿತ್ರವಲ್ಲ. ಎರಡು ಕೋಣೆ, ಇಪ್ಪತ್ತೆರಡು ಚಿತ್ರ, ಎಲ್ಲ ನನ್ನವೇ. ಕಾರ್ಡಿನ ಮೇಲೆ ಅಚ್ಚು ಹಾಕಿಸಿರುವುದು ಅವುಗಳಲ್ಲೆಲ್ಲ ದೊಡ್ಡದು. ‘ಕ್ಲೆಮೊ ಹೊಲ, ಹಿಮ’ ಅಂತ ಹೆಸರಿಟ್ಟಿದ್ದೇನೆ. ಹೌದು, ನಮ್ಮ ಮನೆಯ ಹಿಂದಿನ ಹೊಲವೇ.

ಹೊಲ ಎಲ್ಲಿದೆ, ಕಾಣುತ್ತಿಲ್ಲವಲ್ಲ ಅಂತ ನೀನು ಕೇಳುತ್ತೀಯ. ಮೇಲಿನ ಬೂದು ಪಟ್ಟಿ ಸಮುದ್ರ. ಅಡ್ಡ ಹಾದುಹೋಗಿರುವ ಕಪ್ಪು ಗೆರೆ ಕಲ್ಲಿನ ಬೇಲಿ. ಬಿಳಿಯೆಲ್ಲ ಹಿಮ. ನಡುವೆ ಇರುವ ಕಂದು ವೃತ್ತವನ್ನು ಮಾತ್ರ ನಾನು ಯಾರಿಗೂ ವಿವರಿಸುವುದಿಲ್ಲ. ಗ್ಯಾಲರಿಯ ಯಜಮಾನ ಫಾಸೆಟ್ ಅದನ್ನು ಚಂದ್ರ ಅನ್ನುತ್ತಾನೆ. ಅವನ ಹೆಂಡತಿ ತಾಯಿಯ ಗರ್ಭ ಅನ್ನುತ್ತಾಳೆ. ಇಬ್ಬರಿಗೂ ಹೂಂ ಅಂದಿದ್ದೇನೆ.

ನನಗೆ ಹೆದರಿಕೆಯಾಗುತ್ತಿದೆ ಅಪ್ಪಾ. ಊಟ ಸೇರುತ್ತಿಲ್ಲ. ಹತ್ತು ವರ್ಷದಿಂದ ಅದೇ ಗುಡ್ಡ, ಅದೇ ಬೇಲಿ, ಅದೇ ಸಮುದ್ರವನ್ನು ಬಣ್ಣವಾಗಿ ಗೆರೆಯಾಗಿ ಅರೆಯುತ್ತಾ ಕೂತಿದ್ದೇನೆ. ಈ ಸಲವೂ ಜನ ಬಂದು, ಒಂದು ಲೋಟ ಷೆರಿ ಕುಡಿದು, ‘ಸ್ವಾರಸ್ಯವಾಗಿದೆ’ ಅಂದು ಹೋದರೆ ಕುಂಚ ತೊಳೆದಿಟ್ಟು ಟೈಪಿಂಗ್ ಕಲಿಯುತ್ತೇನೆ. ಬಾಯಿಮಾತಿಗೆ ಹೇಳುತ್ತಿಲ್ಲ, ಶಾಲೆಯ ವಿಳಾಸ ಬರೆದಿಟ್ಟುಕೊಂಡಿದ್ದೇನೆ.

ನೀನು ಬಾ. ನನ್ನ ಒಂದು ಚಿತ್ರದ ಮುಂದೆಯೂ ನೀನು ಇವತ್ತಿನವರೆಗೆ ನಿಂತಿಲ್ಲ. ಮಂಡಿನೋವಿನ ನೆಪ ಬೇಡ. ಪೆನ್‌ಜಾನ್ಸ್‌ನಿಂದ ರೈಲು ನೇರ ಬರುತ್ತದೆ, ನಿಲ್ದಾಣಕ್ಕೆ ನಾನೇ ಬರುತ್ತೇನೆ. ಕೋಳಿಗಳನ್ನು ಲವ್‌ಡೇ ನೋಡಿಕೊಳ್ಳುತ್ತಾಳೆ. ಅವಳಿಗೂ ಅವಳ ಗಂಡ ಜ್ಯಾಗೊಗೂ ಒಂದು ಕಾರ್ಡು ಕಳಿಸಿದ್ದೇನೆ. ಆ ಹೊಲದಲ್ಲಿ ಈಗ ಮೇಯುವುದು ಅವರ ಕುರಿಗಳೇ ತಾನೆ, ಅವರಿಗೂ ನೋಡುವ ಹಕ್ಕಿದೆ.

ನಿನ್ನ,
ಟ್ಯಾಮ್ಸಿನ್


ಟ್ರೆವೊನ್ನಾ, ಸೇಂಟ್ ಜಸ್ಟ್ ಹತ್ತಿರ
೧೯ ಜನವರಿ ೧೯೫೮

ಟ್ಯಾಮ್ಸಿನ್‌ಗೆ,

ಕಾರ್ಡು ತಲುಪಿತು. ಹೇಳಿದ ಹಾಗೆ ಕನ್ನಡಕ ಹಾಕಿಕೊಂಡು ಕುಳಿತೇ ನೋಡಿದೆ. ನನಗಿಂತ ಮೊದಲು ಅಂಚೆಯವನು ಲವ್‌ಡೇ ಮನೆಯಲ್ಲಿ ಅವರ ಕಾರ್ಡನ್ನು ನೋಡಿದ್ದ. “ಮೇಜಿನ ಬಟ್ಟೆ ಮೇಲೆ ಬಿಸಿ ಬಾಣಲೆ ಇಟ್ರೆ ಹಿಂಗೇ ಆಗತ್ತೆ ಮಿಸ್ಟರ್ ಟ್ರೆಂಬಾತ್, ನಮ್ಮನೇಲೂ ಒಂದಿದೆ, ಲಂಡನ್ನಿಗೆ ಕಳಿಸ್ಲಾ?” ಅಂದ. ನಾನು ನಗಲಿಲ್ಲ. ನಿನ್ನ ಹೆಸರು ದೊಡ್ಡ ಅಕ್ಷರದಲ್ಲಿ ಬಂದಿರುವುದನ್ನು ತೋರಿಸಿದೆ.

ಪ್ರದರ್ಶನಕ್ಕೆ ಬರುವುದು ಕಷ್ಟ. ಗುರುವಾರ ಚಾಪೆಲ್ಲಿನಲ್ಲಿ ಬೈಬಲ್ ಓದು ಇರುತ್ತದೆ. ಮಾರ್ಚಿನ ಎರಡು ಭಾನುವಾರದ ಧರ್ಮಪ್ರಸಂಗವೂ ನನ್ನದೇ. ಅರವತ್ತನಾಲ್ಕರ ಮುದುಕನನ್ನು ಬಿಟ್ಟರೆ ಅವರಿಗೆ ಬೇರೆ ಜನ ಸಿಗುವುದಿಲ್ಲವಂತೆ.

ಜ್ಯಾಗೊ ಒಂದು ಟ್ರ್ಯಾಕ್ಟರ್ ತಂದಿದ್ದಾನೆ. ಯಾರೋ ಬಳಸಿ ಬಿಟ್ಟದ್ದು, ಆದರೆ ಗಟ್ಟಿಯಾಗಿದೆ. ಊರಿನವರೆಲ್ಲ ಮದುವಣಗಿತ್ತಿಯನ್ನು ನೋಡುವ ಹಾಗೆ ಸುತ್ತ ನಿಂತಿದ್ದರು. ಅವನ ಮಗಳು ಕೆನ್ಸಾಗೆ ಈಗ ಆರು ವರ್ಷ. ಅದರ ಚಕ್ರದ ಮೇಲಿನ ತಗಡಿನ ಮೇಲೆ ಹತ್ತಿ ಕುಳಿತವಳು ಇಳಿಯಲೇ ಇಲ್ಲ. “ಮಾಮ, ನೋಡ್ತಿರಿ, ನಿಮ್ಮಜ್ಜನ ಕಾಲದಿಂದ ಮಲಗಿರೋ ನೆಲಾನೆಲ್ಲ ಎಬ್ಬಿಸ್ತೀನಿ” ಅಂತ ಜ್ಯಾಗೊ ಹೇಳಿದ. ಮೊದಲು ಕ್ಲೆಮೊ ಹೊಲವನ್ನೇ ಉತ್ತು ಆಲೂಗಡ್ಡೆ ಹಾಕುತ್ತಾನಂತೆ. ಆ ಮಣ್ಣು ಹುಳಿ, ಹುಲ್ಲಿಗೇ ಸರಿ ಅಂದೆ.

ಒಂದು ಮಾತು. ಆ ದುಂಡಗಿನದ್ದು ನಿನಗೆ ಎಲ್ಲಿಂದ ಬಂತು? ಹೊಲದಲ್ಲಿ ಅಂಥದ್ದು ಏನೂ ಇಲ್ಲ. ಸುಮ್ಮನೆ ಕೇಳಿದೆ.

ನಿನ್ನ ತಂದೆ,
ಡೆನ್ಜಿಲ್ ಟ್ರೆಂಬಾತ್


ಲಂಡನ್
೨೪ ಜನವರಿ ೧೯೫೮

ಅಪ್ಪಾ,

ನನ್ನ ಚಿತ್ರದ ಬಗ್ಗೆ ನೀನು ಪ್ರಶ್ನೆ ಕೇಳಿದ್ದು ಇದೇ ಮೊದಲು. ಕಾಗದವನ್ನು ಎರಡು ಸಲ ಓದಿದೆ. ಹಾಗಾಗಿ ಫಾಸೆಟ್‌ಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ.

ನಲವತ್ತೇಳರ ಫೆಬ್ರವರಿ. ನಮ್ಮ ಕಡೆ ಹಿಮ ಬೀಳುವುದೇ ಅಪರೂಪ, ಆ ವರ್ಷ ಬೇಲಿ ಮುಚ್ಚುವಷ್ಟು ಬಿತ್ತಲ್ಲ. ಬೆಳಿಗ್ಗೆ ಎದ್ದು ಮಹಡಿಯ ಕಿಟಕಿಯಿಂದ ನೋಡಿದೆ. ಗೊತ್ತಿದ್ದ ಒಂದು ವಸ್ತುವೂ ಇರಲಿಲ್ಲ. ಹೊಲ, ದಾರಿ, ಪೊದೆ, ಎಲ್ಲ ಅಳಿಸಿ ಬರೀ ಬಿಳಿ. ಆ ಬಿಳಿಯ ನಡುವೆ ದುಂಡಗೆ, ಕೈವಾರದಲ್ಲಿ ಎಳೆದ ಹಾಗೆ, ಒಂದು ಕಂದು ವೃತ್ತ. ಅಲ್ಲಿ ಮಾತ್ರ ಹಿಮ ಕರಗಿ ಒದ್ದೆ ಹುಲ್ಲು ಕಾಣುತ್ತಿತ್ತು. ಯಾಕೆ ಅಂತ ಯೋಚಿಸಲೂ ಇಲ್ಲ. ಪೆನ್ಸಿಲ್ ಹಿಡಿದು ಬರೆದೆ. ಅಲ್ಲಿಯವರೆಗೆ ನಾನು ದೋಣಿ, ಚರ್ಚು, ಹೂದಾನಿ ಬರೆಯುತ್ತಿದ್ದ ಹುಡುಗಿ. ಆ ಬೆಳಿಗ್ಗೆಯ ನಂತರ ದೋಣಿ ಬರೆಯಲಿಲ್ಲ. ವಸ್ತುಗಳನ್ನೆಲ್ಲ ತೆಗೆದುಬಿಟ್ಟ ಮೇಲೂ ನೆಲದಲ್ಲಿ ಏನೋ ಉಳಿಯುತ್ತದೆ, ಬರೆಯಬೇಕಾದ್ದು ಅದು ಅಂತ ನನಗೆ ಗೊತ್ತಾದದ್ದು ಅವತ್ತೇ.

ನಿನಗೆ ನೆನಪಿರಬೇಕು. ನಾನು ಬರೆದು ಮುಗಿಸುವಷ್ಟರಲ್ಲಿ ನೀನು ಸಲಿಕೆ ಹಿಡಿದು ಹೊಲದ ನಡುವೆ ನಿಂತು ಹಿಮ ಎರಚುತ್ತಿದ್ದೆ. ದಾರಿ ಇಲ್ಲದ ಕಡೆ ದಾರಿ ಮಾಡ್ತಿದಾರೆ ನಿಮ್ಮಪ್ಪ ಅಂತ ಅಮ್ಮ ಅಡುಗೆಮನೆಯಿಂದ ನಕ್ಕಳು. ಅಮ್ಮ ಹಾಗೆ ನಕ್ಕದ್ದು ನಾನು ಕೇಳಿದ್ದು ಅದೇ ಕೊನೆ ಇರಬೇಕು.

ಅದಕ್ಕೇ ಆ ಚಿತ್ರವನ್ನು ನೀನು ನೋಡಬೇಕು ಅನ್ನುವುದು. ಬೈಬಲ್ ಓದು ಒಂದು ವಾರ ನೀನಿಲ್ಲದೆಯೂ ನಡೆದೀತು.

ಟ್ಯಾಮ್ಸಿನ್


ಟ್ರೆವೊನ್ನಾ
೨ ಫೆಬ್ರವರಿ ೧೯೫೮

ಟ್ಯಾಮ್ಸಿನ್‌ಗೆ,

ವೃತ್ತ ಇರಲಿಲ್ಲ. ಹಿಮದ ಬಿಳಿ ನೋಡಿ ನೋಡಿ ಕಣ್ಣು ಮಂಜಾಗುತ್ತದೆ, ಇಲ್ಲದ್ದು ಕಾಣುತ್ತದೆ. ಆಗ ನಿನಗೆ ಜ್ವರ ಬೇರೆ ಬಂದಿತ್ತು.

ನಿನ್ನ ಚಿತ್ರದಲ್ಲಿ ಇಲ್ಲದ್ದನ್ನು ಹಾಕುವುದು ನಿನಗೆ ಬಿಟ್ಟದ್ದು. ಆದರೆ ಅದಕ್ಕೆ ನಮ್ಮ ಹೊಲದ ಹೆಸರು ಇಡಬೇಡ. ಮೊನ್ನೆ ಅಂಗಡಿಯಲ್ಲಿ ಎಲ್ಲರ ಎದುರಿಗೆ ಲವ್‌ಡೇ ಕಾರ್ಡನ್ನು ತೆಗೆದು, “ಮಾಮ, ನಮ್ಮ ಹೊಲದಲ್ಲಿ ಈ ಉಂಗುರ ಎಲ್ಲಿದೆ, ನಂಗೆ ಕಾಣಿಸ್ಲೇ ಇಲ್ವಲ್ಲ” ಅಂತ ಕೇಳಿದಳು. ಅದು ಕಲಾವಿದರ ಹುಚ್ಚು ಅಂದೆ. ಎಲ್ಲರೂ ನಕ್ಕರು. ನನಗೆ ಇಂಥದ್ದೆಲ್ಲ ಆಗುವುದಿಲ್ಲ.

ಸಾಧ್ಯವಿದ್ದರೆ ಅದನ್ನು ಅಳಿಸಿಬಿಡು. ಒಂದು ವೃತ್ತ ಹೋದರೆ ಚಿತ್ರ ಕೆಡುವುದಿಲ್ಲ. ಅಪ್ಪ ಯಾವತ್ತೂ ಏನೂ ಕೇಳಿಲ್ಲ, ಇದೊಂದು ಕೇಳುತ್ತಿದ್ದೇನೆ ಅಂದುಕೊ.

ಕೋಳಿಗಳು ಚೆನ್ನಾಗಿವೆ. ಮಂಡಿ ಹಾಗೇ ಇದೆ.

ನಿನ್ನ ತಂದೆ,
ಡೆನ್ಜಿಲ್ ಟ್ರೆಂಬಾತ್


ಲಂಡನ್
೫ ಫೆಬ್ರವರಿ ೧೯೫೮

ಅಪ್ಪಾ,

ಜ್ವರ ಬಂದದ್ದು ಮಾರ್ಚಿನಲ್ಲಿ. ಹಿಮ ಕರಗಿ ಹೋದ ಮೇಲೆ.

ಅಂಗಡಿಯಲ್ಲಿ ನಾಲ್ಕು ಜನ ನಕ್ಕರು ಅಂತ ನನ್ನ ಹತ್ತು ವರ್ಷದ ಕೆಲಸವನ್ನು ಅಳಿಸು ಅನ್ನುತ್ತೀಯಲ್ಲ. ಅಮ್ಮ ಇದ್ದಿದ್ದರೆ ಆ ನಾಲ್ಕು ಜನರಿಗೂ ಕೇಸರಿ ಬನ್ನು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು. ನೀನು ಅವರ ಜೊತೆ ಸೇರಿ ನಕ್ಕೆ.

ನಿನಗೆ ನಾಚಿಕೆಯಾಗಿದ್ದರೆ ನೇರ ಹೇಳು. ನನ್ನ ಕಣ್ಣಿನ ಮೇಲೆ ಹಾಕಬೇಡ. ನನ್ನ ಹತ್ತಿರ ಇರುವುದು ಅದೊಂದೇ.

ಟ್ಯಾಮ್ಸಿನ್


ಟ್ರೆವೊನ್ನಾ
೧೬ ಫೆಬ್ರವರಿ ೧೯೫೮

ಟ್ಯಾಮ್ಸಿನ್‌ಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎರಡು ಸಲ ಕುಳಿತೆ.

ಗಾಳಿ ಜೋರಾಗಿದೆ. ಕೋಳಿಗೂಡಿನ ತಗಡು ಹಾರಿತ್ತು, ಜ್ಯಾಗೊ ಬಂದು ಮೊಳೆ ಹೊಡೆದುಕೊಟ್ಟ. ಒಳ್ಳೆಯ ಹುಡುಗ. ಅವನಿಗೆ ನೇಗಿಲು ಬಂದಿದೆ, ಮಾರ್ಚ್ ಮೂರು ಸೋಮವಾರ ಕ್ಲೆಮೊ ಉಳುತ್ತಾನಂತೆ. ಕೆಳಗಿನ ಹೊಲದಿಂದ ಶುರು ಮಾಡು, ಇದು ಕಲ್ಲು ಅಂದೆ. “ಕಲ್ಲಿದ್ರೆ ಆರಿಸಿ ಬೇಲಿಗೆ ಹಾಕ್ತೀನಿ ಮಾಮ, ನೀವು ಮೂವತ್ತೈದು ವರ್ಷ ಆ ಹೊಲಾನ ದೇವರ ಹಸು ಥರ ಇಟ್ಕೊಂಡಿದ್ದು ಸಾಕು” ಅಂತ ನಕ್ಕ. ಮೊದಲು ಮಣ್ಣು ಹುಳಿ ಅಂದಿದ್ದೆ, ಈಗ ಕಲ್ಲು ಅಂದೆ. ಎರಡೂ ನಿಜವಲ್ಲ ಅಂತ ಅವನಿಗೆ ಗೊತ್ತು. ಮುದುಕರ ಹಟ ಅಂದುಕೊಂಡಿದ್ದಾನೆ.

ನಾನು ನಕ್ಕೆ ಅಂತ ಬರೆದಿದ್ದೀಯ. ನಾನು ನಗಲಿಲ್ಲ. ಅಷ್ಟು ಮಾತ್ರ ತಿಳಿದಿರಲಿ.

ಭಾನುವಾರ ಪ್ರಸಂಗದ ನಡುವೆ ಮಾತು ನಿಂತುಹೋಯಿತು. ಎಲ್ಲಿದ್ದೆ ಅಂತ ಮರೆತೆ. ವಯಸ್ಸಾಯಿತು ಅಂತ ಎಲ್ಲರೂ ಕೈ ಕುಲುಕಿದರು.

ಅಪ್ಪ


ಲಂಡನ್
೨೧ ಫೆಬ್ರವರಿ ೧೯೫೮

ಅಪ್ಪಾ,

ನೀನು ಕೇಳಿದ ಹಾಗೆ ಮಾಡಿದೆ. ಸಿಟ್ಟು ಇಳಿದ ಮೇಲೆ ನಿನ್ನ ಮಾತೇ ತಲೆಯಲ್ಲಿ ಕೂತಿತು: ಅಪ್ಪ ಯಾವತ್ತೂ ಏನೂ ಕೇಳಿಲ್ಲ. ನಿಜವೇ. ಸೋಮವಾರ ಆ ದೊಡ್ಡ ಚಿತ್ರದ ಹಲಗೆಯನ್ನು ಇಳಿಸಿ ವೃತ್ತದ ಮೇಲೆ ಬಿಳಿ ಬಳಿದೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ಕಂದು ಮೇಲೆ ಬಂದಿತ್ತು. ಮತ್ತೆ ಬಳಿದೆ. ಬುಧವಾರ ಮತ್ತೆ ಬಂತು. ನನ್ನದೇ ತಪ್ಪು. ಆ ವೃತ್ತವನ್ನು ಸೇಂಟ್ ಐವ್ಸ್‌ನ ದೋಣಿಯವರ ಹತ್ತಿರ ತಂದ ಡಾಂಬರಿನಲ್ಲಿ ಬರೆದಿದ್ದೆ. ಅಷ್ಟು ಆಳವಾದ ಕಂದು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಡಾಂಬರಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ ಅಂತ ದೋಣಿಯವರ ಮಕ್ಕಳಿಗೂ ಗೊತ್ತು, ನನಗೆ ಮರೆತಿತ್ತು. ನಾಲ್ಕು ಪದರ ಆಯಿತು. ಫಾಸೆಟ್ ಬಂದು ನೋಡಿ, ‘ಎರಡು ವಾರವೂ ಉಳಿದಿಲ್ಲ, ಏನು ಮಾಡುತ್ತಿದ್ದೀಯ’ ಅಂತ ಕೂಗಾಡಿ ಹೋದ. ಅವನದೂ ತಪ್ಪಿಲ್ಲ, ಕಾರ್ಡಿನ ಮೇಲಿರುವ ಚಿತ್ರ ಗೋಡೆಯ ಮೇಲೆ ಇರಬೇಕಲ್ಲ.

ಆದರೆ ನನ್ನ ನಿದ್ದೆ ಕೆಡಿಸಿರುವುದು ಅದಲ್ಲ. ನೀನು ಅಷ್ಟು ಖಂಡಿತವಾಗಿ ಹೇಳುತ್ತೀಯ, ವೃತ್ತ ಇರಲಿಲ್ಲ ಅಂತ. ನೀನು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಊರಿನಲ್ಲಿ ಯಾರೂ ಕಂಡಿಲ್ಲ. ಹಾಗಾದರೆ ನಾನು ಕಂಡದ್ದೇನು? ಮೂರು ದಿನದಿಂದ ಹಳೆಯ ಚಿತ್ರಗಳನ್ನೆಲ್ಲ ಹೊರಗೆ ತೆಗೆದಿಟ್ಟು ನೋಡುತ್ತಿದ್ದೇನೆ. ಇಪ್ಪತ್ತೆರಡರಲ್ಲಿ ಹದಿನಾಲ್ಕರಲ್ಲಿ ಆ ವೃತ್ತ ಇದೆ. ಅದು ಜ್ವರದ ಕನಸಾಗಿದ್ದರೆ ಉಳಿದದ್ದೂ ಕನಸೇ. ನಾನು ನೆಲ ನೋಡಿ ಬರೆದೆ ಅಂತ ಹೇಳಿಕೊಂಡು ಓಡಾಡಿದ್ದು, ಮಕ್ಕಳಿಗೆ ಚಿತ್ರದ ಪಾಠ ಹೇಳಿದ್ದು ಎಲ್ಲ ಸುಳ್ಳು. ಪ್ರದರ್ಶನ ಬೇಡ ಅಂತ ಫಾಸೆಟ್‌ಗೆ ಒಂದು ಕಾಗದ ಬರೆದಿಟ್ಟಿದ್ದೇನೆ, ಇನ್ನೂ ಕೊಟ್ಟಿಲ್ಲ.

ಒಂದೇ ಒಂದು ಸಲ ಸರಿಯಾಗಿ ನೆನಪು ಮಾಡಿಕೊಂಡು ಹೇಳು. ನಿಜವಾಗಿಯೂ ಏನೂ ಇರಲಿಲ್ಲವಾ?

ಟ್ಯಾಮ್ಸಿನ್


ಟ್ರೆವೊನ್ನಾ
೨೬ ಫೆಬ್ರವರಿ ೧೯೫೮

ಮಗಳೇ,

ಇತ್ತು. ನೀನು ಕಂಡದ್ದು ಸರಿ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕು ಅಂತ ಮೂರು ದಿನದಿಂದ ಕುಳಿತಿದ್ದೇನೆ. ಫಾಸೆಟ್‌ಗೆ ಬರೆದ ಕಾಗದವನ್ನು ಹರಿದುಹಾಕು.

ಆ ಹೊಲದ ಕೆಳಗೆ ಗಣಿಬಾವಿ ಇದೆ. ಅರವತ್ತು ಮಾರು ಆಳ. ಇಪ್ಪತ್ತೊಂದರಲ್ಲಿ ತವರದ ಬೆಲೆ ಬಿದ್ದು ವೀಲ್ ಕ್ಲೆಮೊ ಗಣಿ ಮುಚ್ಚಿದಾಗ, ಬಾವಿಯನ್ನು ತಳದಿಂದ ಬಾಯಿಯವರೆಗೆ ಕಲ್ಲು ತುಂಬಿ ಮುಚ್ಚುವ ಕೆಲಸವನ್ನು ನನಗೂ ನನ್ನ ಜೊತೆ ಗಣಿಯಲ್ಲಿ ದುಡಿಯುತ್ತಿದ್ದ ಹೆಡ್ಲಿಗೂ ಕೊಟ್ಟರು. ಇಡೀ ಚಳಿಗಾಲದ ಕೆಲಸ. ನಾವು ಬಾಯಿಂದ ಎರಡಾಳು ಕೆಳಗೆ ಹಳೆಯ ತೊಲೆಗಳನ್ನು ಅಡ್ಡ ಹಾಕಿ, ಮೇಲೆ ಕಲ್ಲುಮಣ್ಣು ಸುರಿದು, ಹುಲ್ಲಿನ ಹೆಂಟೆ ಹೊದಿಸಿ ಮುಗಿಸಿದೆವು. ಉಳಿದ ದಿನಗಳನ್ನೆಲ್ಲ ಎಂಜಿನ್ ಮನೆಯಲ್ಲಿ ಬೆಂಕಿ ಹಾಕಿಕೊಂಡು ಕಳೆದೆವು. ಗಣಿಯ ಮೇಲ್ವಿಚಾರಕ ಕ್ಯಾಪ್ಟನ್ ಕೊನೆಗೆ ಬಂದ, ಹುಲ್ಲಿನ ಮೇಲೆ ನಿಂತು ಕಾಲಿನಿಂದ ಎರಡು ಸಲ ಒದ್ದ, ಕೈ ಕುಲುಕಿ ಹೋದ. ಹೆಡ್ಲಿ ಸತ್ತು ಹತ್ತೊಂಬತ್ತು ವರ್ಷ. ಈಗ ಗೊತ್ತಿರುವುದು ನನಗೊಬ್ಬನಿಗೇ.

ಅಷ್ಟೇ ಆಗಿದ್ದರೆ ಹೇಗೋ ಹೇಳಿಬಿಡುತ್ತಿದ್ದೆನೇನೋ. ಮೂವತ್ತನಾಲ್ಕರಲ್ಲಿ ಪಕ್ಕದ ಊರಿನಲ್ಲಿ ಒಬ್ಬ ಕುದುರೆ ಗಾಡಿಯ ಸಮೇತ ನೆಲದೊಳಗೆ ಹೋದ. ಹಳೆಯ ಗಣಿಯವರನ್ನೆಲ್ಲ ಚಾಪೆಲ್ಲಿಗೆ ಕರೆಸಿ ಕೇಳಿದರು. ನಾನು ಎದ್ದು ನಿಂತು, ಕ್ಲೆಮೊದ್ದನ್ನು ನನ್ನ ಕೈಯಾರೆ ತುಂಬಿದ್ದೇನೆ, ಅದರ ಮೇಲೆ ಮನೆ ಬೇಕಾದರೂ ಕಟ್ಟಿ ಅಂದೆ. ಟ್ರೆಂಬಾತ್ ಮಾತು ಅಂದರೆ ಮಾತು ಅಂತ ಜನ ಹೇಳಲು ಶುರು ಮಾಡಿದ್ದು ಅವತ್ತಿನಿಂದ. ಪ್ರಸಂಗ ಮಾಡಲು ಕರೆದದ್ದೂ ಆಮೇಲೇ.

ಆ ಹಿಮದ ಬೆಳಿಗ್ಗೆ ಹಿಂಬಾಗಿಲು ತೆಗೆದರೆ ವೃತ್ತ ಕಾಣುತ್ತಿತ್ತು. ಕೆಳಗಿನ ಬೆಚ್ಚನೆಯ ಗಾಳಿ ಮೇಲೆ ಬಂದು ಹಿಮ ಕರಗಿಸಿತ್ತು. ಗಣಿಯಲ್ಲಿ ದುಡಿದ ಯಾವನೇ ಆ ದಾರಿಯಲ್ಲಿ ಹೋಗಿದ್ದರೂ ತಿಳಿಯುತ್ತಿತ್ತು. ಸಲಿಕೆ ಹಿಡಿದು ಓಡಿದೆ. ಮುಚ್ಚಿದಷ್ಟೂ ಕರಗಿತು. ಮತ್ತೆ ಹಿಮ ಬೀಳುವವರೆಗೆ ಅಲ್ಲೇ ನಿಂತಿದ್ದೆ. ನೀನು ಮೇಲಿನಿಂದ ನೋಡಿದ್ದು ನನಗೆ ಗೊತ್ತೇ ಇರಲಿಲ್ಲ, ಆ ಕಾರ್ಡು ಬರುವವರೆಗೆ.

ಆ ಹೊಲವನ್ನು ಉಳಲಿಲ್ಲ, ಯಾರಿಗೂ ಕೊಡಲಿಲ್ಲ. ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟಾಗ, ಕುರಿ ಮೇಯ್ಸೋಕೆ ಮಾತ್ರ ಅಂತ ಜ್ಯಾಗೊಗೆ ಬಿಟ್ಟೆ. ಕುರಿ ಹಗುರ ಅಂದುಕೊಂಡೆ. ಸೋಮವಾರ ಅವನು ಟ್ರ್ಯಾಕ್ಟರ್ ತರುತ್ತಾನೆ. ಶನಿವಾರ ಮಧ್ಯಾಹ್ನ ಅವನ ಮನೆಗೆ ಹೋಗಿ ಹೇಳುತ್ತೇನೆ. ಇವತ್ತೇ ಯಾಕಿಲ್ಲ ಅಂತ ಕೇಳಬೇಡ. ಇವತ್ತು ಅಲ್ಲಿಯವರೆಗೂ ಹೋಗಿದ್ದೆ. ಲವ್‌ಡೇ ಕೈಗೆ ಒಂದು ಬುಟ್ಟಿ ಮೊಟ್ಟೆ ಕೊಟ್ಟು ವಾಪಸ್ ಬಂದೆ.

ಅಪ್ಪ


ಲಂಡನ್
೨೭ ಫೆಬ್ರವರಿ ೧೯೫೮

ಅಪ್ಪಾ,

ಶನಿವಾರದವರೆಗೆ ಕಾಯಬೇಡ. ಈ ಕಾಗದ ಓದಿದ ಕೂಡಲೇ ಕೋಟು ಹಾಕಿಕೊಂಡು ಹೊರಡು. ಕೂತು ಮಾತು ಜೋಡಿಸಬೇಡ. ‘ಬಾವಿ ಖಾಲಿ ಇದೆ’ ಅನ್ನು, ಸಾಕು.

ನಾನೇ ಜ್ಯಾಗೊಗೆ ತಂತಿ ಕಳಿಸಬಹುದಿತ್ತು. ಅಂಚೆ ಕಚೇರಿಗೆ ಹೋಗಿ ಫಾರಂ ಹಿಡಿದು ಅರ್ಧ ಗಂಟೆ ನಿಂತೆ. ಬರೆಯಲಿಲ್ಲ. ನನ್ನ ಬಾಯಿಂದ ಬಂದರೆ ನಿನಗೆ ಆ ಊರಿನಲ್ಲಿ ನಿಲ್ಲಲು ಜಾಗವೇ ಇರುವುದಿಲ್ಲ, ನೀನೇ ಹೇಳಿದರೆ ಸ್ವಲ್ಪವಾದರೂ ಉಳಿಯುತ್ತದೆ ಅಂತ. ಈಗ ಇದು ನನಗೂ ಗೊತ್ತಿರುವ ವಿಷಯ. ಏನಾದರೂ ಆದರೆ ನಾನೂ ಸುಮ್ಮನಿದ್ದವಳೇ. ನಾಳೆ ಸಂಜೆಯೊಳಗೆ ನಿನ್ನಿಂದ ತಂತಿ ಬರದಿದ್ದರೆ ಶನಿವಾರ ಬೆಳಿಗ್ಗೆ ಅಂಚೆ ಕಚೇರಿ ಬಾಗಿಲು ತೆಗೆದ ಕೂಡಲೇ ನಾನು ಕಳಿಸುತ್ತೇನೆ.

ಗಣಿ ಮುಚ್ಚಿದ ಆ ಚಳಿಗಾಲದಲ್ಲಿ ಅಮ್ಮನಿಗೆ ಹುಷಾರಿರಲಿಲ್ಲವಾ? ಅದಕ್ಕೇ ಬೇಗ ಮುಗಿಸಿ ಮನೆಗೆ ಬರುತ್ತಿದ್ದೆಯಾ?

ಟ್ಯಾಮ್ಸಿನ್


ಟ್ರೆವೊನ್ನಾ
೪ ಮಾರ್ಚ್ ೧೯೫೮

ಮಗಳೇ,

‘ಹೇಳಿದೆ, ಯಾರಿಗೂ ಏನೂ ಆಗಿಲ್ಲ’ ಅಂತ ಶನಿವಾರ ಕಳಿಸಿದ ತಂತಿ ಸಿಕ್ಕಿರಬೇಕು. ನೀನು ಜ್ಯಾಗೊಗೆ ಕಳಿಸಿದ್ದು ಅವನಿಗೆ ಹತ್ತು ಗಂಟೆಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ನಡೆದದ್ದನ್ನು ಈಗ ಬರೆಯುತ್ತೇನೆ.

ಶುಕ್ರವಾರ ನಿನ್ನ ಕಾಗದ ಬಂತು. ಕೋಟು ಹಾಕಿಕೊಂಡೆ. ಅವರ ಗೇಟಿನವರೆಗೆ ಹೋದೆ. ಒಳಗೆ ಅವರು ಊಟಕ್ಕೆ ಕುಳಿತಿದ್ದರು, ಕೆನ್ಸಾ ಏನೋ ಹಾಡುತ್ತಿದ್ದಳು. ಊಟದ ಹೊತ್ತಿನಲ್ಲಿ ಬೇಡ ಅಂತ ವಾಪಸ್ ಬಂದೆ. ಮೂವತ್ತೇಳು ವರ್ಷ ಹೀಗೆಯೇ ಕಳೆದದ್ದು ಟ್ಯಾಮ್ಸಿನ್. ಯಾವಾಗಲೂ ಯಾರಾದರೂ ಊಟಕ್ಕೆ ಕುಳಿತಿರುತ್ತಿದ್ದರು.

ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಹಿಂದಿನಿಂದ ಟ್ರ್ಯಾಕ್ಟರ್ ಸದ್ದು ಕೇಳಿತು. ಸೋಮವಾರ ಮಳೆ ಅಂತ ರೇಡಿಯೊದಲ್ಲಿ ಹೇಳಿದ್ದರಂತೆ, ಎರಡು ದಿನ ಮೊದಲೇ ಬಂದುಬಿಟ್ಟಿದ್ದ. ನಾನು ಹೊರಗೆ ಹೋಗುವಷ್ಟರಲ್ಲಿ ನಾಲ್ಕು ಸಾಲು ಮುಗಿದು ಐದನೆಯದಕ್ಕೆ ತಿರುಗುತ್ತಿದ್ದ. ಚಕ್ರದ ಮೇಲಿನ ತಗಡಿನ ಮೇಲೆ ಕೆನ್ಸಾ ಕುಳಿತಿದ್ದಳು, ಕೆಂಪು ಟೋಪಿ ಹಾಕಿಕೊಂಡು. ನನ್ನನ್ನು ನೋಡಿ ಕೈ ಬೀಸಿದಳು.

ನನ್ನ ಮಂಡಿ ಓಡುವಷ್ಟು ಓಡಿದೆ. ಬಾವಿಯ ಈಚೆ ಅಂಚಿಗೆ, ಅವನ ದಾರಿಗೆ ಅಡ್ಡವಾಗಿ ನಿಂತೆ. ಚಹಾ ಬಟ್ಟಲು ಕೈಯಲ್ಲೇ ಇತ್ತು.

“ದಾರಿ ಬಿಡಿ ಮಾಮ. ಬಟ್ಲು ಹಿಡ್ಕೊಂಡು ಎಲ್ಲಿಗೆ ಹೊರಟ್ರಿ?” ಅಂತ ಕೂಗಿದ.

“ಎಂಜಿನ್ ಆರಿಸು. ಮಗೂನ ಇಳಿಸು.”

“ಯಾಕೆ, ಏನಾಯ್ತು?”

“ಮೊದ್ಲು ಇಳಿಸು ಜ್ಯಾಗೊ. ಬಂದ ದಾರೀಲೇ ಬೇಲಿ ಹತ್ರ ಕಳಿಸು.”

ನನ್ನ ಮುಖ ನೋಡಿ ಅವನು ಎಂಜಿನ್ ಆರಿಸಿದ. ಅವಳನ್ನು ಇಳಿಸಿದ, ಅವಳು ಉತ್ತ ಸಾಲಿನಲ್ಲಿ ಕುಣಿಯುತ್ತಾ ಹೋದಳು. ಆಮೇಲೆ ಹೇಳಿದೆ.

“ತುಂಬ್ಸಿದೀನಿ ಅಂತ ನೀವೇ ಹೇಳಿದ್ರಲ್ಲ. ನಮ್ಮಪ್ಪನ ಎದುರಿಗೇ ಹೇಳಿದ್ರಿ” ಅಂದ.

“ತುಂಬ್ಸಿಲ್ಲ.”

ಅವನು ನಂಬಲಿಲ್ಲ. ಟ್ರ್ಯಾಕ್ಟರಿನಿಂದ ಹಾರೆ ತಂದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿಗೆ ಬಿಗಿದ, ಹೊಟ್ಟೆಯ ಮೇಲೆ ತೆವಳಿ ನಾನು ತೋರಿಸಿದ ಕಡೆ ಹಾರೆ ಒತ್ತಿದ. ಒಂದು ಮೊಳ ಹೋಯಿತು. ಆಮೇಲೆ ಅವನ ಕೈಯಿಂದ ತಾನೇ ಜಾರಿತು. ಇಬ್ಬರೂ ಕಾದೆವು. ಕಲ್ಲಿಗೆ ತಾಗಿದ ಸದ್ದು ಬಂತು, ಮತ್ತೆ ತಾಗಿದ ಸದ್ದು, ತುಂಬಾ ಹೊತ್ತಿನ ಮೇಲೆ ನೀರಿನ ಸದ್ದು. ತೊಲೆಗಳು ಕೊಳೆತು ನಾವು ಸುರಿದ ಕಲ್ಲೆಲ್ಲ ಯಾವಾಗಲೋ ಕೆಳಗೆ ಇಳಿದುಹೋಗಿದೆ. ಮೇಲೆ ಉಳಿದಿದ್ದದ್ದು ಹುಲ್ಲಿನ ಬೇರು.

ಅವನು ತೆವಳಿಕೊಂಡೇ ಹಿಂದೆ ಬಂದ.

“ಎರಡು ವರ್ಷದಿಂದ ಕೆನ್ಸಾ ದಿನಾ ಇಲ್ಲೇ ಆಡ್ತಿದ್ಲು” ಅಂದ. “ನೀವು ಕಿಟಕೀಲಿ ನಿಂತು ನೋಡ್ತಿದ್ರಿ.”

“ಹೌದು” ಅಂದೆ.

ಅವನು ಕೈ ಎತ್ತಿದ್ದರೆ ತಡೆಯುತ್ತಿರಲಿಲ್ಲ. ಎತ್ತಲಿಲ್ಲ. “ಮಿಸ್ಟರ್ ಟ್ರೆಂಬಾತ್” ಅಂದ, ಮಾಮ ಅನ್ನಲಿಲ್ಲ, “ಇಂಥವು ಇನ್ನೆಷ್ಟಿವೆ?”

ನಿನಗೂ ಒಂದೇ ಬಾವಿ ಅನ್ನುವ ಹಾಗೆ ಬರೆದಿದ್ದೆ. ಮೂರಿವೆ.

ಎರಡನೆಯದು ಎಂಜಿನ್ ಮನೆಯ ಗೋಡೆಯ ಹಿಂದೆ. ಅದನ್ನು ಅವತ್ತೇ ತೋರಿಸಿದೆ, ಗೂಟ ಹೊಡೆದು ಹಗ್ಗ ಕಟ್ಟಿದ್ದಾರೆ. ಭಾನುವಾರ ಚಾಪೆಲ್ಲಿನಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹೊರಗೆ ಬಂದಾಗ ಯಾರೂ ಕೈ ಕೊಡಲಿಲ್ಲ. ಪ್ರಸಂಗದ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ, ಸರಿಯೇ. ಲವ್‌ಡೇ ಬುಟ್ಟಿ ವಾಪಸ್ ಕಳಿಸಿದಳು, ಮೊಟ್ಟೆ ಮುಟ್ಟಿರಲಿಲ್ಲ.

ನಿಮ್ಮಮ್ಮ ಆಗ ಆರೋಗ್ಯವಾಗಿದ್ದಳು. ನನಗಾಗಿ ಕಾರಣ ಹುಡುಕಬೇಡ. ಚಳಿ ಇತ್ತು, ಗಾಳಿ ಇತ್ತು, ಒಳಗೆ ಬೆಂಕಿ ಇತ್ತು. ಬೇರೆ ಏನೂ ಇಲ್ಲ.

ಈಗ ಕೇಳಬೇಕಾದ್ದು. ಮೂರನೆಯದು ಎಲ್ಲಿ ಅಂತ ನನಗೆ ಸಿಗುತ್ತಿಲ್ಲ. ಅದನ್ನು ಮುಚ್ಚಿದ ದಿನ ಮುಖದ ಮುಂದಿನ ಕೈ ಕಾಣದಷ್ಟು ಮಂಜು. ಗುರುತಿಗೆ ಒಂದು ಕಲ್ಲುಗುಡ್ಡೆ ಇತ್ತು, ಯುದ್ಧದ ವರ್ಷ ವಿಮಾನ ನಿಲ್ದಾಣ ಕಟ್ಟಲು ಅಂತ ಅದನ್ನೂ ಸಾಗಿಸಿದರು. ಬಯಲಿನಲ್ಲಿ, ಶಾಲೆಯ ದಾರಿಯ ಹತ್ತಿರ ಎಲ್ಲೋ. ಮೂರು ದಿನದಿಂದ ಜ್ಯಾಗೊ ಮತ್ತು ಇನ್ನು ನಾಲ್ವರು ಹಾರೆ ಹಿಡಿದು ಹುಡುಕುತ್ತಿದ್ದಾರೆ. ನಾನು ಇಲ್ಲಿ ಅನ್ನುತ್ತೇನೆ, ಆಮೇಲೆ ಅಲ್ಲಿ ಅನ್ನುತ್ತೇನೆ. ನನ್ನ ಮಾತನ್ನು ಅವರು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆ ದಾರಿಯಲ್ಲಿ ಹದಿನೇಳು ಮಕ್ಕಳು ಶಾಲೆಗೆ ಹೋಗುತ್ತಾರೆ.

ನೀನು ಹತ್ತು ವರ್ಷ ಆ ಬಯಲನ್ನು ನೋಡಿ ಬರೆದಿದ್ದೀಯ. ಯಾರೂ ಹಾಗೆ ನೋಡಿಲ್ಲ. ನಿನ್ನ ಹತ್ತಿರ ಇರುವ ಚಿತ್ರಗಳನ್ನೆಲ್ಲ ನೋಡು, ಹಳೆಯವು, ಅರ್ಧ ಬಿಟ್ಟವು, ಎಲ್ಲ. ಹುಲ್ಲಿನ ಬಣ್ಣ ಬೇರೆಯಾಗಿದ್ದರೂ ಸಾಕು. ಗುರುವಾರ ನಿನಗೆ ಎಂಥ ದಿನ ಅಂತ ಗೊತ್ತಿದೆ. ಆದರೂ ಕೇಳುತ್ತಿದ್ದೇನೆ.

ಅಪ್ಪ


ಲಂಡನ್
೫ ಮಾರ್ಚ್ ೧೯೫೮

ಅಪ್ಪಾ,

ಈ ಕಾಗದಕ್ಕಿಂತ ಮೊದಲು ತಂತಿ ತಲುಪಿರುತ್ತದೆ. ದಾರಿಗೆ ಹಗ್ಗ ಕಟ್ಟಿಸಿರುತ್ತೀರಿ ಅಂದುಕೊಂಡಿದ್ದೇನೆ. ಕಟ್ಟಿಸಿರದಿದ್ದರೆ ಇದನ್ನು ಕೆಳಗಿಟ್ಟು ಮೊದಲು ಅದನ್ನು ಮಾಡಿಸು.

ಬೆಳಿಗ್ಗೆ ನಿನ್ನ ಕಾಗದ ಬಂದಾಗಿನಿಂದ ಇನ್ನೂರಕ್ಕೂ ಹೆಚ್ಚು ಹಾಳೆ ನೋಡಿದೆ. ಯಾವುದರಲ್ಲೂ ಇಲ್ಲ. ಎಲ್ಲದರ ಕೆಳಗೆ ಇತ್ತು ಆ ಹಿಮದ ಬೆಳಿಗ್ಗೆ ಬರೆದ ಮೊದಲ ಹಾಳೆ. ಅದರಲ್ಲೂ ಒಂದೇ ವೃತ್ತ. ಆದರೆ ಎಡಗಡೆ ಕಾಗದ ಸ್ವಲ್ಪ ನಯ ಕಳೆದುಕೊಂಡಿದೆ, ರಬ್ಬರು ಹಾಕಿ ಉಜ್ಜಿದ ಹಾಗೆ. ಕಿಟಕಿಗೆ ಓರೆಯಾಗಿ ಹಿಡಿದೆ. ಪೆನ್ಸಿಲ್ಲಿನ ಒತ್ತು ಉಳಿದಿದೆ. ದುಂಡಗೆ.

ಆಗ ನೆನಪಾಯಿತು. ಅವತ್ತು ಕಿಟಕಿಯಿಂದ ನನಗೆ ಎರಡು ಕಂಡಿದ್ದವು. ಎರಡನ್ನೂ ಬರೆದೆ. ಎರಡೂ ಒಂದರ ಜೊತೆ ಒಂದು ಜಗಳವಾಡುತ್ತಿದ್ದವು, ಕಣ್ಣು ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ಚಿತ್ರ ಕೆಡುತ್ತದೆ ಅಂತ ಒಂದನ್ನು ಅಳಿಸಿದೆ. ಅಳಿಸಿದ ಮೇಲೆ ಚಿತ್ರ ಚೆನ್ನಾಯಿತು. ಎಷ್ಟು ಚೆನ್ನಾಯಿತು ಅಂದರೆ ಇನ್ನೊಂದು ಇತ್ತು ಅನ್ನುವುದೇ ಮರೆತುಹೋಯಿತು. ನಾನು ನೆಲವನ್ನು ಇದ್ದ ಹಾಗೆ ನೋಡುತ್ತೇನೆ ಅಂತ ಹನ್ನೊಂದು ವರ್ಷ ಬೀಗಿದೆ.

ಅದು ಶಾಲೆಯ ದಾರಿಯಲ್ಲಿ, ಬೇಲಿ ದಾಟುವ ಕಲ್ಲುಮೆಟ್ಟಿಲಿನ ಹತ್ತಿರ. ಈಚೆಯೋ ಆಚೆಯೋ ಹೇಳಲಾರೆ. ಆ ಬೇಲಿಯನ್ನು ನಾನು ಇದ್ದಲ್ಲಿ ಬರೆದಿಲ್ಲ. ಸಮುದ್ರದ ಗೆರೆಗೆ ಒಪ್ಪಲಿ ಅಂತ ಸರಿಸಿದ್ದೇನೆ. ಎಷ್ಟು ಸರಿಸಿದೆ ಅನ್ನುವುದು ನೆನಪಿಲ್ಲ. ಒಂದು ಬೆರಳಿನಷ್ಟು ಸರಿಸಿದ್ದರೂ ಅಲ್ಲಿ ಅದು ಹತ್ತು ಹೆಜ್ಜೆ. ಆ ಕಿಟಕಿಯಲ್ಲಿ ಕುಳಿತು, ಹಾಳೆಯನ್ನು ಮಡಿಲಲ್ಲಿಟ್ಟು ನೋಡಿದರೆ ಗೊತ್ತಾಗಬಹುದು. ಗೊತ್ತಾಗದಿರಲೂಬಹುದು, ಅದನ್ನೂ ಹೇಳಿಬಿಡುತ್ತೇನೆ.

ಫಾಸೆಟ್‌ಗೆ ಹೇಳಿದೆ. ಕಲಾವಿದೆ ಇಲ್ಲದ ಪ್ರದರ್ಶನ ಯಾವ ಊರಿನಲ್ಲಿ ನಡೆಯುತ್ತದೆ ಅಂತ ಕೇಳಿದ. ನಡೆಸಿ ನೋಡಿ ಅಂದೆ.

ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ. ಜ್ಯಾಗೊ ಸಿಕ್ಕರೆ, ಅವನು ನಿನ್ನ ಜೊತೆ ಮಾತಾಡದಿದ್ದರೂ ಸರಿ, ಇಷ್ಟು ಹೇಳು: ಒಂದನ್ನು ಮುಚ್ಚಿಟ್ಟವಳು ನನ್ನ ಮಗಳು, ಅವಳು ಬರುತ್ತಿದ್ದಾಳೆ, ಅಲ್ಲಿಯವರೆಗೆ ಮೆಟ್ಟಿಲಿನ ಆಚೆ ಈಚೆ ಯಾರೂ ಕಾಲಿಡಬೇಡಿ. ನೀನೂ ಹೋಗಬೇಡ ಅಪ್ಪಾ. ನೀನು ಹುಡುಕಲು ಹೋಗುತ್ತೀಯ ಅಂತ ನನಗೆ ಗೊತ್ತು.

ಟ್ಯಾಮ್ಸಿನ್